ಕತ್ತರಿಸಿದರೂ ಬೆಳೆಯುವ ಕಣ್ಣಿನ ಉಗುರು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಈ ನಾಲ್ಕು ತಾಲ್ಲೂಕುಗಳ ಹೊಲಗಳಲ್ಲಿ, ತೋಟಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ ಆಯುಷ್ಯ ಸವೆಸಿದವರ ಕಣ್ಣುಗಳನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಕೆಲವರ ಕಣ್ಣಲ್ಲಿ, ಮೂಗಿನ ಕಡೆಯ ಮೂಲೆಯಿಂದ ಹೊರಟ ಕೆಂಪು ಛಾಯೆಯ ಪದರವೊಂದು ಕರಿಗುಡ್ಡೆಯ ಮೇಲೆ ತೆವಳಿಕೊಂಡಿರುವುದು ಕಾಣುತ್ತದೆ. ಅದರಲ್ಲಿ ನೋವಿಲ್ಲ. ಕಣ್ಣು ಕೆಂಪಗಾಗುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಆಗಾಗ ನೀರು ಸುರಿಯುತ್ತದೆ. ದುಡಿಯುವ ಜನ ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋಗುವುದಿಲ್ಲ. ಪದರ ಕಣ್ಣಿನ ನಡುವಿನ ಪಾಪೆಯ ಹತ್ತಿರ ಬಂದು ನೋಟ ಮಸುಕಾದಾಗ ಮಾತ್ರ ಡಾಕ್ಟರ ನೆನಪಾಗುತ್ತದೆ. ಆಗಲೂ ಒಂದು ಮಾತು ಅವರನ್ನು ಬಾಗಿಲಲ್ಲೇ ತಡೆಯುತ್ತದೆ: "ಅದನ್ನು ತೆಗೆಸಬೇಡಿ, ತೆಗೆಸಿದರೆ ಮೊದಲಿಗಿಂತ ದಪ್ಪಗೆ ಬೆಳೆಯುತ್ತೆ."

ಈ ಮಾತು ಪೂರ್ತಿ ಸುಳ್ಳಲ್ಲ. ಹಾಗೆಂದು ಇಂದು ಪೂರ್ತಿ ನಿಜವೂ ಅಲ್ಲ. ಅದು ಎಷ್ಟರ ಮಟ್ಟಿಗೆ ನಿಜ, ಯಾವಾಗ ಸುಳ್ಳಾಯಿತು ಎಂದು ತಿಳಿಯಲು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

ಮೊದಲು ಹೆಸರುಗಳನ್ನು ನೋಡೋಣ. ಇಂದಿನ ಡಾಕ್ಟರು ಇದನ್ನು ಟೆರಿಜಿಯಂ ಎನ್ನುತ್ತಾರೆ. ಅದು ಗ್ರೀಕ್ ಪದ; ಪುಟ್ಟ ರೆಕ್ಕೆ ಎಂದರ್ಥ. ಮೂಲೆಯಲ್ಲಿ ಅಗಲವಾಗಿ, ಕರಿಗುಡ್ಡೆಯ ಮೇಲೆ ಚೂಪಾಗುವ ಅದರ ಆಕಾರ ನೊಣದ ರೆಕ್ಕೆಯಂತೆ ಇರುವುದು ನಿಜ. ಕನ್ನಡದಲ್ಲಿ ದುರ್ಮಾಂಸ ಎನ್ನುತ್ತೇವೆ. ಹಳ್ಳಿಗಳಲ್ಲಿ ಕೆಲವರು ಇದನ್ನೂ 'ಪೊರೆ' ಎಂದೇ ಕರೆದು ಕಣ್ಣಿನೊಳಗಿನ ಮಸೂರಕ್ಕೆ ಬರುವ ಪೊರೆಯೊಂದಿಗೆ ಬೆರೆಸಿಬಿಡುವುದುಂಟು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದು 'ಅರ್ಮ'. ಅರಬ್ಬೀ ವೈದ್ಯರು 'ಝಫರಾ' ಎಂದರು. ಉರ್ದು ಕಲಿತವರಿಗೆ ಇದು 'ನಾಖೂನಾ'. ಫಾರಸಿಯ ನಾಖುನ್ ಎಂದರೆ ಉಗುರು; ಅರಬ್ಬಿಯ ಝಫರಾ ಕೂಡ ಉಗುರಿಗೇ ಸಂಬಂಧಿಸಿದ ಪದ. ರೋಮನ್ನರು ಲ್ಯಾಟಿನ್ನಿನಲ್ಲಿ ಇಟ್ಟ ಹೆಸರೂ ಉಗುರು ಎಂದೇ. ಈ ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಬಹುಶಃ ಅದರ ರೂಪ. ಆದರೆ ಹೆಸರು ಅವರ ಎಣಿಕೆಗಿಂತ ಹೆಚ್ಚು ಸತ್ಯವಾಯಿತು. ಉಗುರನ್ನು ಎಷ್ಟು ಸಲ ಕತ್ತರಿಸಿದರೂ ಮತ್ತೆ ಬೆಳೆಯುತ್ತದಲ್ಲ!

ನಮ್ಮ ದೇಶದಲ್ಲಿ ಇದರ ಶಸ್ತ್ರಚಿಕಿತ್ಸೆಯನ್ನು ವಿವರವಾಗಿ ಬರೆದಿಟ್ಟ ಗ್ರಂಥ ಸುಶ್ರುತಸಂಹಿತೆ. ಅದರ ಉತ್ತರತಂತ್ರದಲ್ಲಿ ಐದು ಬಗೆಯ ಅರ್ಮಗಳ ವರ್ಣನೆಯಿದೆ. ಕತ್ತರಿಸಿ ಗುಣಪಡಿಸಬೇಕಾದ ಕಣ್ಣಿನ ರೋಗಗಳಿಗೆಂದೇ ಒಂದು ಅಧ್ಯಾಯವಿದೆ. ರೋಗಿಗೆ ಮೊದಲು ಊಟ ಮಾಡಿಸಿ, ಕೂರಿಸಿ, ಸೈಂಧವ ಉಪ್ಪಿನ ಪುಡಿಯಿಂದ ಅರ್ಮವನ್ನು ಕೆರಳಿಸಿ ಸಡಿಲಗೊಳಿಸಬೇಕು. ಕೊಕ್ಕೆಯಿಂದಲೋ ಸೂಜಿ ದಾರದಿಂದಲೋ ಮೇಲೆತ್ತಬೇಕು. ದುಂಡು ತುದಿಯ ಶಸ್ತ್ರದಿಂದ ಬಿಡಿಸಿ ಕತ್ತರಿಸಬೇಕು. ಕಣ್ಣಿನ ಒಳಮೂಲೆಯ ಬಳಿ ನಾಲ್ಕನೆಯ ಒಂದು ಭಾಗ ಉಳಿಸಬೇಕೆಂಬ ಎಚ್ಚರಿಕೆಯೂ ಇದೆ. ಆ ಮೂಲೆಗೆ ಪೆಟ್ಟಾದರೆ ರಕ್ತ ಸುರಿಯುತ್ತದೆ, ನಾಡಿವ್ರಣವಾಗುತ್ತದೆ. ನಂತರ ಬರುವ ಮಾತು ನಮಗೆ ಮುಖ್ಯ: ಕಡಿಮೆ ಕತ್ತರಿಸಿದರೆ ಅದು ಬೇಗನೆ ಮತ್ತೆ ಬೆಳೆಯುತ್ತದೆ. ಅಂದರೆ ದುರ್ಮಾಂಸ ಮರುಕಳಿಸುವ ಸಂಗತಿಯನ್ನು ಆ ಕಾಲದ ಶಸ್ತ್ರವೈದ್ಯರು ಕಣ್ಣಾರೆ ಕಂಡಿದ್ದರು. ಅದನ್ನು ಮುಚ್ಚಿಡದೆ ಬರೆದೂ ಇಟ್ಟರು.

ಇತ್ತ ರೋಮಿನಲ್ಲಿ ಒಂದನೆಯ ಶತಮಾನದ ಸೆಲ್ಸಸ್, ಸೂಜಿ ದಾರದಿಂದ ಪದರವನ್ನು ಎತ್ತಿ ಕತ್ತರಿಸುವ ಇಂಥದೇ ಕ್ರಮವನ್ನು ವಿವರಿಸಿದ್ದಾನೆ. ಮೂಲೆಯ ಸಹಜ ಮಾಂಸವನ್ನು ಕತ್ತರಿಸಿದರೆ ಕಣ್ಣೀರು ನಿಲ್ಲದೆ ಹರಿಯುತ್ತದೆ ಎಂದು ಅವನೂ ಎಚ್ಚರಿಸುತ್ತಾನೆ. ಏಳನೆಯ ಶತಮಾನದ ಗ್ರೀಕ್ ವೈದ್ಯ ಪೌಲ್ ಇನ್ನೊಂದು ಉಪಾಯ ಹೇಳಿದ. ಸೂಜಿಯಲ್ಲಿ ದಾರದ ಜೊತೆ ಕುದುರೆಯ ಕೂದಲನ್ನೂ ಪೋಣಿಸಿ ಪದರದ ಅಡಿಯಿಂದ ಹಾಯಿಸಿ, ಆ ಕೂದಲನ್ನೇ ಗರಗಸದಂತೆ ಎಳೆದಾಡಿ ಪದರವನ್ನು ಕರಿಗುಡ್ಡೆಯಿಂದ ಬಿಡಿಸುವುದು. ಅರಿವಳಿಕೆ ಇಲ್ಲದ ಕಾಲದಲ್ಲಿ ಆ ರೋಗಿಗಳು ಇದನ್ನೆಲ್ಲ ಹೇಗೆ ಸಹಿಸಿದರೋ!

ಈ ಎರಡು ಹೊಳೆಗಳೂ ಕೂಡಿದ್ದು ಬಗ್ದಾದಿನಲ್ಲಿ. ಖಲೀಫ ಹಾರೂನ್ ಅಲ್ ರಶೀದನ ಕಾಲದಲ್ಲಿ ಬರ್ಮಕಿ ಮನೆತನದ ವಜೀರ ಯಹ್ಯಾ ಇಬ್ನ್ ಖಾಲಿದನ ಆದೇಶದಂತೆ ಮಂಕಾ ಎಂಬ ಭಾರತೀಯ ವೈದ್ಯ ಸುಶ್ರುತನ ಗ್ರಂಥವನ್ನು ಅನುವಾದಿಸಿದನೆಂದು 10ನೇ ಶತಮಾನದ ಇಬ್ನ್ ಅನ್ನದೀಮ್ ತನ್ನ 'ಫಿಹ್ರಿಸ್ತ್' ಗ್ರಂಥಸೂಚಿಯಲ್ಲಿ ದಾಖಲಿಸಿದ್ದಾನೆ. ಅರಬ್ಬಿಯಲ್ಲಿ ಅದರ ಹೆಸರು 'ಕಿತಾಬ್ ಸುಸ್ರುದ್'. ಅದು ಆಸ್ಪತ್ರೆಯ ಬಳಕೆಗೆಂದು ಆದ ಅನುವಾದ. ಗ್ರೀಕ್ ಗ್ರಂಥಗಳನ್ನು ಅರಬ್ಬಿಗೆ ತಂದವರಲ್ಲಿ ಅಗ್ರಗಣ್ಯನಾದ ಹುನೈನ್ ಇಬ್ನ್ ಇಸ್ಹಾಕ್ ಒಬ್ಬ ಕ್ರೈಸ್ತ. ಕಣ್ಣಿನ ಬಗ್ಗೆ ಅವನೇ ಹತ್ತು ಪ್ರಬಂಧಗಳನ್ನು ಬರೆದ. ಭಾರತದ ವೈದ್ಯ, ಕ್ರೈಸ್ತ ಅನುವಾದಕ, ಮುಸ್ಲಿಂ ವಜೀರ ಇವರೆಲ್ಲರ ದುಡಿಮೆಯಿಂದ ಕಟ್ಟಿದ ವಿದ್ಯೆ ಇದು. ಇದರ ಮೇಲೆ ಯಾವ ಒಂದು ಜನಾಂಗವೂ ತನ್ನದೇ ಮುದ್ರೆ ಒತ್ತುವಂತಿಲ್ಲ.

ಬಗ್ದಾದಿನಲ್ಲೇ ಬದುಕಿದ್ದ ಅಲಿ ಇಬ್ನ್ ಈಸಾ ಬರೆದ 'ತಝ್ಕಿರತುಲ್ ಕಹ್ಹಾಲೀನ್', ಅಂದರೆ ಕಣ್ಣಿನ ವೈದ್ಯರ ಕೈಪಿಡಿ, ಸುಮಾರು 130 ನೇತ್ರರೋಗಗಳನ್ನು ಕ್ರಮವಾಗಿ ವಿವರಿಸುತ್ತದೆ. ಶತಮಾನಗಳ ಕಾಲ ಅದು ಪಠ್ಯಪುಸ್ತಕವಾಗಿತ್ತು. ಕಹ್ಹಾಲ್ ಎಂಬ ಪದ ಬಂದದ್ದು ಕುಹ್ಲ್, ಅಂದರೆ ಸುರ್ಮಾದಿಂದ. ಸುರ್ಮಾ ಹಚ್ಚುವವನಿಂದ ಶಸ್ತ್ರ ಹಿಡಿಯುವವನವರೆಗೆ ಆ ಪದದ ಅರ್ಥ ಬೆಳೆಯಿತು. ಸ್ಪೇನಿನ ಕುರ್ತುಬಾದ ಬಳಿ, 1013ರ ಸುಮಾರಿಗೆ ತೀರಿಕೊಂಡ ಅಲ್ ಝಹ್ರಾವಿ ತನ್ನ 30 ಭಾಗಗಳ 'ತಸ್ರೀಫ್' ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟ. ಝಫರಾ ತೆಗೆಯುವ ಕೊಕ್ಕೆ, ಸೂಜಿ, ಕುದುರೆ ಕೂದಲು ಅಲ್ಲಿಯೂ ಇವೆ. 12ನೇ ಶತಮಾನದಲ್ಲಿ ಆ ಭಾಗ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನ ಶಸ್ತ್ರವೈದ್ಯರ ಕೈಸೇರಿತು. ಪೂರ್ವದಲ್ಲಿ ಅದೇ ವಿದ್ಯೆ ಫಾರಸಿಯ ಮೂಲಕ ನಮ್ಮ ಹಕೀಮರಿಗೆ ಬಂತು. ನಾಖೂನಾ ಎಂಬ ಪದ ಉರ್ದುವಿನಲ್ಲಿ ಇಂದಿಗೂ ಉಳಿದಿರುವುದು ಆ ದಾರಿಯ ಗುರುತು.

ಇಷ್ಟು ದೀರ್ಘ ಪರಂಪರೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಕತ್ತರಿಸುವ ಕಲೆ ಎಲ್ಲರಿಗೂ ಗೊತ್ತಿತ್ತು. ಮರಳಿ ಬಾರದಂತೆ ತಡೆಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಗಾಯದ ಮೇಲೆ ತೀಕ್ಷ್ಣ ಅಂಜನ ಹಚ್ಚಿ ಉಳಿದದ್ದನ್ನು ಕರಗಿಸುವುದೇ ಅವರ ಕೈಲಾದ ಉಪಾಯ. ಗಾಯವನ್ನು ದಂಡಿಸಿ ಮಣಿಸಬೇಕೆಂಬ ಈ ಯೋಚನೆ ಇಪ್ಪತ್ತನೆಯ ಶತಮಾನದವರೆಗೂ ಹೋಗಲಿಲ್ಲ. ಆಯುಧಗಳಷ್ಟೇ ಬದಲಾದವು.

1902ರಲ್ಲಿ ಅಮೆರಿಕದ ಮ್ಯಾಕ್‌ರೆನಾಲ್ಡ್ಸ್ ಎಂಬ ವೈದ್ಯ ಪದರದ ತಲೆಯನ್ನು ಬಿಡಿಸಿ, ಕಣ್ಣಿನ ಬಿಳಿಭಾಗದ ಪೊರೆಯ ಕೆಳಗೆ ದಿಕ್ಕು ತಪ್ಪಿಸಿ ಹುದುಗಿಸುವ ವಿಧಾನವನ್ನು ಪ್ರಕಟಿಸಿದ. ಬೆಳೆಯುವುದಾದರೆ ಬೇರೆ ಕಡೆಗೆ ಬೆಳೆಯಲಿ ಎಂಬುದು ಲೆಕ್ಕಾಚಾರ. 1948ರಲ್ಲಿ ಆಸ್ಟ್ರೇಲಿಯಾದ ಡಾಂಬ್ರೇನ್, ಪದರವನ್ನು ಕತ್ತರಿಸಿ ತೆಗೆದು ಕೆಳಗಿನ ಬಿಳಿಗುಡ್ಡೆಯನ್ನು ಹಾಗೆಯೇ ಬರಿದಾಗಿ ಬಿಡುವ ಕ್ರಮವನ್ನು ವಿವರಿಸಿದ. ಬೇಗ ಮುಗಿಯುವ, ಸುಲಭದ ಈ ವಿಧಾನ ಜಗತ್ತಿನ ಉದ್ದಗಲಕ್ಕೂ ಹಬ್ಬಿತು. ಆದರೆ ಆ ಬರಿದು ಜಾಗಕ್ಕೆ ದುರ್ಮಾಂಸ ಮರಳಿ ಬರತೊಡಗಿತು. ಈ ವಿಧಾನದಲ್ಲಿ ಮರುಕಳಿಕೆ 100ಕ್ಕೆ 24ರಿಂದ 89ರವರೆಗೆ ಎಂದು ಬೇರೆ ಬೇರೆ ಅಧ್ಯಯನಗಳು ತೋರಿಸಿವೆ. ಹಳ್ಳಿಯವರ ಆ ಮಾತು ಎಲ್ಲಿಂದ ಬಂತು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಮರಳಿ ಬಂದದ್ದು ಎಷ್ಟೋ ಸಲ ಮೊದಲಿನದಕ್ಕಿಂತ ದಪ್ಪವಾಗಿರುತ್ತದೆ ಎಂಬುದೂ ದಿಟವೇ.

ಮರುಕಳಿಕೆಯನ್ನು ತಡೆಯಲು ವಿಜ್ಞಾನಿಗಳು ಮೊದಲು ವಿಕಿರಣದ ಮೊರೆಹೋದರು. ಸ್ಟ್ರಾಂಶಿಯಂ-90 ಎಂಬ ವಿಕಿರಣಶೀಲ ಧಾತುವನ್ನು ಗಾಯದ ಜಾಗಕ್ಕೆ ಕೆಲವು ಕ್ಷಣ ತಾಗಿಸುವುದು. ದುರ್ಮಾಂಸ ನಿಂತಿತು. ಆದರೆ ವರ್ಷಗಳ ನಂತರ ಕೆಲವರ ಬಿಳಿಗುಡ್ಡೆ ಅದೇ ಜಾಗದಲ್ಲಿ ಸವೆದು ಹುಣ್ಣಾಯಿತು. 1980ರಲ್ಲಿ ಆಸ್ಟ್ರೇಲಿಯಾದಿಂದ ಇಂಥ ತಡವಾದ ತೊಂದರೆಗಳ ವರದಿ ಬಂತು. ಜಪಾನಿನಲ್ಲಿ 1963ರಲ್ಲಿ ಕುನಿಟೊಮೊ ಮತ್ತು ಮೋರಿ ಎಂಬ ವೈದ್ಯರು ಕ್ಯಾನ್ಸರ್ ಔಷಧಿಯಾದ ಮೈಟೊಮೈಸಿನ್-ಸಿಯನ್ನು ಹನಿಗಳಾಗಿ ಬಳಸಿದರು. ಅದೂ ಫಲ ಕೊಟ್ಟಿತು. ಆದರೆ 1992ರಲ್ಲಿ ಅಮೆರಿಕದಿಂದ ಬಂದ ವರದಿ, ಆ ಹನಿಗಳಿಂದ ಕಣ್ಣಿನ ಒತ್ತಡ ಏರಿದ, ಗುಡ್ಡೆ ತೂತಾದ ರೋಗಿಗಳ ಕಥೆ ಹೇಳಿತು. ಇಂದು ಅದನ್ನು ಬಳಸುವವರು ಅಲ್ಪ ಪ್ರಮಾಣದಲ್ಲಿ, ಹೆಚ್ಚಾಗಿ ಆಪರೇಷನ್ ವೇಳೆಯಲ್ಲಿ ಮಾತ್ರ ಬಳಸುತ್ತಾರೆ. ಬೆಳೆಯುವ ಜೀವಕೋಶವನ್ನು ಕೊಲ್ಲುವ ಮದ್ದಿಗೆ ಗಾಯ ಮಾಯಿಸುವ ಜೀವಕೋಶ ಯಾವುದೆಂದು ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ ಸಿಗತೊಡಗಿತ್ತು. ಇದು ಬರುವುದಾದರೂ ಏಕೆ? ಅದರಲ್ಲೂ ಮೂಗಿನ ಕಡೆಯಿಂದಲೇ ಏಕೆ ಹೆಚ್ಚು? ಭೂಮಧ್ಯರೇಖೆಯ ಎರಡೂ ಬದಿಯ ಬಿಸಿಲು ನಾಡುಗಳಲ್ಲಿ ಇದು ಹೆಚ್ಚು ಎಂದು 1965ರಲ್ಲಿ ಕ್ಯಾಮರಾನ್ ಎಂಬಾತ ಜಗತ್ತಿನಾದ್ಯಂತದ ಮಾಹಿತಿ ಕಲೆಹಾಕಿ ಬರೆದಿದ್ದ. ಸಿಡ್ನಿಯ ಮಿನಾಸ್ ಕೊರೊನಿಯೊ 1993ರಲ್ಲಿ ಇನ್ನೂ ಸೂಕ್ಷ್ಮವಾದ ವಿವರಣೆ ಕೊಟ್ಟರು. ಕಿವಿಯ ಕಡೆಯಿಂದ ಓರೆಯಾಗಿ ಬರುವ ಬೆಳಕು ಕಣ್ಣಿನ ಪಾರದರ್ಶಕ ಗುಮ್ಮಟವನ್ನು ಹೊಕ್ಕು, ಭೂತಗನ್ನಡಿಯಲ್ಲಿ ಬಿಸಿಲು ಕೂಡಿದಂತೆ, ಮೂಗಿನ ಕಡೆಯ ಅಂಚಿನಲ್ಲಿ ಸುಮಾರು 20 ಪಟ್ಟು ತೀವ್ರವಾಗಿ ಕೂಡುತ್ತದೆ. ಕರಿಗುಡ್ಡೆ ಮತ್ತು ಬಿಳಿಭಾಗದ ನಡುವಿನ ಆ ಗಡಿಯಲ್ಲಿ ಕಾವಲುಗಾರರಂತಿರುವ ಮೂಲಕೋಶಗಳು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಡುತ್ತವೆ. ಗಡಿ ಮುರಿದ ಮೇಲೆ ಬಿಳಿಭಾಗದ ಪೊರೆ ರಕ್ತನಾಳಗಳ ಸಮೇತ ಕರಿಗುಡ್ಡೆಯ ಮೇಲೆ ಒತ್ತುವರಿ ಮಾಡುತ್ತದೆ. ಒತ್ತುವರಿ ಎಂದರೇನೆಂದು ಬೆಂಗಳೂರಿನ ಸುತ್ತಲಿನವರಿಗೆ ವಿವರಿಸಬೇಕಾಗಿಲ್ಲ!

ರೋಗದ ಮೂಲ ಹೀಗೆ ಗಡಿ ಮುರಿದದ್ದರಲ್ಲಿದ್ದರೆ, ಚಿಕಿತ್ಸೆ ಗಡಿಯನ್ನು ಮತ್ತೆ ಕಟ್ಟುವುದರಲ್ಲಿರಬೇಕು. 1985ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದ ತಿರುಳು ಇದೇ. ದುರ್ಮಾಂಸ ತೆಗೆದ ಜಾಗವನ್ನು ಬರಿದು ಬಿಡದೆ, ಅದೇ ಕಣ್ಣಿನ ಮೇಲ್ಭಾಗದಿಂದ ಆರೋಗ್ಯವಂತ ಪೊರೆಯ ತುಂಡೊಂದನ್ನು ತೆಗೆದು ಅಲ್ಲಿಗೆ ಕಸಿ ಮಾಡುವುದು. ಮೇಲ್ಭಾಗವೇ ಏಕೆಂದರೆ, ಅದು ಜೀವನವಿಡೀ ರೆಪ್ಪೆಯ ನೆರಳಲ್ಲಿ ಇದ್ದದ್ದು. ಬಿಸಿಲು ಅದನ್ನು ಮುಟ್ಟಿಲ್ಲ. ಅವರು ಕಸಿ ಮಾಡಿದ 57 ಕಣ್ಣುಗಳಲ್ಲಿ ದುರ್ಮಾಂಸ ಮರಳಿದ್ದು 3ರಲ್ಲಿ ಮಾತ್ರ. ನಮ್ಮಂಥ ಬಿಸಿಲಿನ ಸಿಂಗಪುರದಲ್ಲಿ 1997ರಲ್ಲಿ ಪ್ರಕಟವಾದ ಹೋಲಿಕೆ ಇನ್ನೂ ಕಣ್ಣು ತೆರೆಸುವಂಥದು. ಬರಿದು ಬಿಟ್ಟವರಲ್ಲಿ 100ಕ್ಕೆ 61, ಕಸಿ ಮಾಡಿದವರಲ್ಲಿ 100ಕ್ಕೆ 2. ಎರಡು ಸಾವಿರ ವರ್ಷ ಗಾಯವನ್ನು ಸುಟ್ಟು ಕೆರೆದು ಸಾಧಿಸಲಾಗದ್ದು ಗಾಯಕ್ಕೊಂದು ಹೊದಿಕೆ ಹೊದಿಸಿದಾಗ ಸಾಧ್ಯವಾಯಿತು.

ಕಸಿ ಮಂತ್ರವಲ್ಲ ಎಂಬುದನ್ನೂ ಹೇಳಬೇಕು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ತನ್ನ 14 ವರ್ಷಗಳ ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು 2005ರಲ್ಲಿ ಪ್ರಕಟಿಸಿತು. ಮೊದಲ ಬಾರಿಗೆ ಬಂದ ದುರ್ಮಾಂಸದಲ್ಲಿ ಬರಿದು ಬಿಟ್ಟಾಗ 100ಕ್ಕೆ ಸುಮಾರು 19, ಕಸಿ ಮಾಡಿದಾಗ ಸುಮಾರು 12 ಮರುಕಳಿಸಿದ್ದವು. ಗಂಡಸರಲ್ಲಿ ಮತ್ತು 40ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಮರುಕಳಿಕೆ ಹೆಚ್ಚಿತ್ತು. ಇನ್ನೊಂದು ತುದಿಯಲ್ಲಿ, ಆಸ್ಟ್ರೇಲಿಯಾದ ಲಾರೆನ್ಸ್ ಹರ್ಸ್ಟ್ ವಿಸ್ತಾರವಾಗಿ ಕತ್ತರಿಸಿ ದೊಡ್ಡ ಕಸಿ ಹೊದಿಸುವ ತಮ್ಮ ವಿಧಾನದ 1,000 ಆಪರೇಷನ್ನುಗಳಲ್ಲಿ ಒಂದೇ ಒಂದು ಮರುಕಳಿಸಿತೆಂದು 2012ರಲ್ಲಿ ವರದಿ ಮಾಡಿದರು. ಅಂದರೆ ಹೆಸರು ಒಂದೇ ಆದರೂ ಕೈಚಳಕ, ತಾಳ್ಮೆ, ಸಮಯ ಇವೆಲ್ಲ ಫಲವನ್ನು ನಿರ್ಧರಿಸುತ್ತವೆ.

ಸಮಯದ ಮಾತು ಬಂದದ್ದರಿಂದ ಇನ್ನೆರಡು ಹೆಜ್ಜೆಗಳನ್ನು ಹೇಳಬೇಕು. ಕಸಿಯನ್ನು ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕಿತ್ತು. ಹೊಲಿಗೆ ಚುಚ್ಚಿ ರೋಗಿಗೆ ನೋವು, ವೈದ್ಯರಿಗೆ ಹೊತ್ತು. ರಕ್ತದ ಅಂಶದಿಂದ ತಯಾರಿಸಿದ ಫೈಬ್ರಿನ್ ಅಂಟಿನಿಂದ ಕಸಿಯನ್ನು ಅಂಟಿಸುವ ಸ್ವೀಡನ್ನಿನ ಅಧ್ಯಯನ 2004ರಲ್ಲಿ ಬಂತು. ಹೊಲಿಗೆಗೆ ಸರಾಸರಿ 18.5 ನಿಮಿಷ ಬೇಕಾದರೆ ಅಂಟಿಗೆ 9.7 ನಿಮಿಷ ಸಾಕಾಯಿತು. ಆದರೆ ಆ ಅಂಟು ದುಬಾರಿ. 2010ರಲ್ಲಿ ಬ್ರಿಟನ್ನಿನ ವೈದ್ಯರು ಅಂಟೂ ಬೇಡ, ದಾರವೂ ಬೇಡ ಎಂದರು. ಗಾಯದಲ್ಲಿ ಜಿನುಗುವ ರೋಗಿಯ ಸ್ವಂತ ರಕ್ತವೇ ಹೆಪ್ಪುಗಟ್ಟಿ ಕಸಿಯನ್ನು ಹಿಡಿದುಕೊಳ್ಳುತ್ತದೆ. ಭಾರತದ ಅನೇಕ ವೈದ್ಯರು ಇದನ್ನು ಕೈಗೆತ್ತಿಕೊಂಡದ್ದು ಸಹಜ. ರೋಗಿಯದೇ ಪೊರೆ, ರೋಗಿಯದೇ ರಕ್ತ. ಬಡವನಿಗೆ ಇದಕ್ಕಿಂತ ಅಗ್ಗದ ಸಾಮಗ್ರಿ ಎಲ್ಲಿ ಸಿಗುತ್ತದೆ?

ಈಗ ನಮ್ಮ ನೆಲಕ್ಕೆ ಬರೋಣ. ಕಣ್ಣಿನ ಚಿಕಿತ್ಸೆಯಲ್ಲಿ ಬೆಂಗಳೂರು ಹಿಂದೆ ಬಿದ್ದ ಊರಲ್ಲ. 1896ರಲ್ಲಿ ಸಣ್ಣದಾಗಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಾಸ್ಪತ್ರೆ ಶತಮಾನ ದಾಟಿದೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರಗಳಲ್ಲಿ ಲಕ್ಷಾಂತರ ಜನರಿಗೆ ಕಣ್ಣು ಕೊಟ್ಟರು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ದಶಕಗಳ ಕಾಲ ಮುಖ್ಯವಾಗಿ ಮಸೂರದ ಪೊರೆಯ ಮೇಲೆಯೇ ಗಮನವಿಟ್ಟಿತು. ಅದು ಸರಿಯೇ ಆಗಿತ್ತು. ಕುರುಡುತನಕ್ಕೆ ದೊಡ್ಡ ಕಾರಣ ಅದೇ. ಆದರೆ ಇದರಿಂದ ನಮ್ಮ ಜನರ ಮನಸ್ಸಿನಲ್ಲಿ ಕಣ್ಣಿನ ಆಪರೇಷನ್ ಎಂದರೆ ಶಿಬಿರ, ಒಂದು ದಿನ, ಒಂದು ಕಪ್ಪು ಕನ್ನಡಕ ಎಂಬ ಚಿತ್ರ ಅಚ್ಚಾಯಿತು. ತೆಗೆದ ಮಸೂರ ಮತ್ತೆ ಬೆಳೆಯುವುದಿಲ್ಲ. ದುರ್ಮಾಂಸದ ವಿಷಯ ಹಾಗಲ್ಲ. ಮರುಕಳಿಸುವುದಾದರೆ ಅರ್ಧದಷ್ಟು ಮೊದಲ ನಾಲ್ಕು ತಿಂಗಳಲ್ಲಿ, ಹೆಚ್ಚುಕಡಿಮೆ ಎಲ್ಲವೂ ಒಂದು ವರ್ಷದೊಳಗೆ ಮರುಕಳಿಸುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಹಾಗಾಗಿ ಇದು ಒಂದು ದಿನದ ಆಪರೇಷನ್, ಒಂದು ವರ್ಷದ ಚಿಕಿತ್ಸೆ. ಆ ವರ್ಷದಲ್ಲಿ ನಾಲ್ಕೈದು ಸಲ ಆಸ್ಪತ್ರೆಗೆ ಹೋಗಿಬರುವುದೆಂದರೆ ದಿನಗೂಲಿಯವನಿಗೆ ನಾಲ್ಕೈದು ದಿನದ ಕೂಲಿ ಹೋದಂತೆ. ಇತಿಹಾಸ ಬಿಡಿಸಿದ ಗಂಟು ಇಲ್ಲಿ ಮತ್ತೆ ಬಿಗಿಯುತ್ತದೆ.

ಪಕ್ಕದ ತಮಿಳುನಾಡಿನಲ್ಲಿ 40 ದಾಟಿದ 7,774 ಜನರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100ಕ್ಕೆ 9.5 ಮಂದಿಗೆ ದುರ್ಮಾಂಸವಿತ್ತು. ಬಯಲಲ್ಲಿ ದುಡಿಯುವವರಿಗೇ ಇದು ಹೆಚ್ಚು. ಬೆಂಗಳೂರಿನ ಸುತ್ತಲಿನ ನಮ್ಮವರನ್ನು ಇನ್ನೊಂದು ಭ್ರಮೆ ಕಾಡುತ್ತದೆ. ಇಲ್ಲಿ ಹವೆ ತಂಪು, ಬಿಸಿಲು ಸುಡುವುದಿಲ್ಲ ಎಂಬುದು. ಆದರೆ ಅತಿನೇರಳೆ ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ, 13 ಡಿಗ್ರಿ ಅಕ್ಷಾಂಶದಲ್ಲಿ, ತಂಗಾಳಿ ಬೀಸುವಾಗಲೂ ಆ ಕಿರಣಗಳು ಬೀಳುತ್ತಲೇ ಇರುತ್ತವೆ. ರೈತನ ರುಮಾಲು ತಲೆ ಕಾಯುತ್ತದೆ, ಕಣ್ಣು ಕಾಯುವುದಿಲ್ಲ. ನಮ್ಮ ನಮಾಜಿನ ಟೋಪಿಗಂತೂ ಅಂಚೇ ಇಲ್ಲ. ಅಗಲ ಅಂಚಿನ ಟೋಪಿ, ಪಕ್ಕದ ಬೆಳಕನ್ನೂ ತಡೆಯುವಂತೆ ಕಣ್ಣನ್ನು ಸುತ್ತುವರಿಯುವ, ಅತಿನೇರಳೆ ಕಿರಣ ತಡೆಯುವ ಕನ್ನಡಕ ಇವು ಶೋಕಿಯಲ್ಲ. ಕಲ್ಲು ಒಡೆಯುವವನಿಗೆ, ದ್ವಿಚಕ್ರ ವಾಹನದಲ್ಲಿ ದಿನವಿಡೀ ಸುತ್ತುವವನಿಗೆ ಇವು ಸಲಕರಣೆ. ಆಪರೇಷನ್ ಆದವರಿಗಂತೂ ಇವು ಮದ್ದಿನಷ್ಟೇ ಮುಖ್ಯ.

ದುರ್ಮಾಂಸ ಇರುವವರೆಲ್ಲ ಆಪರೇಷನ್‌ಗೆ ಓಡಬೇಕಾಗಿಯೂ ಇಲ್ಲ. ಅದು ಕ್ಯಾನ್ಸರ್ ಅಲ್ಲ. ಸಣ್ಣದಾಗಿ, ಬೆಳೆಯದೆ ಇದ್ದರೆ ಕಣ್ಣನ್ನು ತೇವವಾಗಿಡುವ ಹನಿ, ಬಿಸಿಲಿನಿಂದ ರಕ್ಷಣೆ, ಆಗಾಗ ಪರೀಕ್ಷೆ ಸಾಕು. ಪಾಪೆಯ ಕಡೆಗೆ ಸಾಗುತ್ತಿದ್ದರೆ, ಕರಿಗುಡ್ಡೆಯನ್ನು ಎಳೆದು ನೋಟ ಸೊಟ್ಟಗಾಗಿದ್ದರೆ ತಡಮಾಡಬಾರದು. ಔಷಧಿ ಅಂಗಡಿಯಲ್ಲಿ ಕೇಳಿ ಪಡೆದ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವುದು ಅಪಾಯ. ಕೆಂಪು ಇಳಿಯುತ್ತದೆ, ಆದರೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ನೋಟವನ್ನೇ ಕಸಿಯಬಹುದು. ಆಪರೇಷನ್ ನಂತರ ಅದೇ ಹನಿಯನ್ನು ವೈದ್ಯರು ಕೊಡುತ್ತಾರೆ ನಿಜ. ಆದರೆ ಅಳತೆಯಿಟ್ಟು, ಒತ್ತಡ ನೋಡುತ್ತಾ ಕೊಡುತ್ತಾರೆ.

ಆಪರೇಷನ್‌ಗೆ ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡೇ. "ತೆಗೆದ ಜಾಗಕ್ಕೆ ಕಸಿ ಮಾಡುತ್ತೀರಾ?" "ಎಷ್ಟು ದಿನಗಳವರೆಗೆ ಬಂದು ತೋರಿಸಬೇಕು?" ಓದು ಬಾರದ ರೈತನೂ ಈ ಎರಡನ್ನು ಕೇಳಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯ ರಾಷ್ಟ್ರೀಯ ಚಿಕಿತ್ಸಾ ಪಟ್ಟಿಯಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಕಸಿಯ ಸಮೇತವೇ ಹೆಸರಿಸಲಾಗಿದೆ. ಅಂದರೆ ಕಸಿಯನ್ನು ಸರ್ಕಾರದ ಕಾಗದವೂ ಚಿಕಿತ್ಸೆಯ ಭಾಗವೆಂದೇ ಎಣಿಸಿದೆ. ಕಾರ್ಡು ಇರುವವರು ತಮ್ಮ ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಸುಶ್ರುತನ ಶಿಷ್ಯರಿಂದ ಬಗ್ದಾದಿನ ಕಹ್ಹಾಲರವರೆಗೆ, ಕುರ್ತುಬಾದಿಂದ ಸಿಂಗಪುರದವರೆಗೆ ಇಷ್ಟು ಜನ ಇಷ್ಟು ಶತಮಾನ ತಲೆ ಕೆಡಿಸಿಕೊಂಡು ಕಲಿತ ಪಾಠ ಚಿಕ್ಕದು. ಕತ್ತರಿಸುವುದು ಅರ್ಧ ಕೆಲಸ. ಕತ್ತರಿಸಿದ ಜಾಗವನ್ನು ಮುಚ್ಚಿ, ಅದು ಮಾಯುವವರೆಗೆ ಕಾಯುವುದು ಉಳಿದರ್ಧ. ಮೊದಲರ್ಧ ವೈದ್ಯರ ಕೈಯಲ್ಲಿದೆ. ಉಳಿದರ್ಧದಲ್ಲಿ ರೋಗಿಗೂ ಪಾಲಿದೆ, ಅವನಿಗೆ ರಜೆ ಕೊಡಬೇಕಾದ ಮಾಲೀಕನಿಗೂ ಪಾಲಿದೆ, ಮತ್ತೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಯವರಿಗೂ ಪಾಲಿದೆ.